ಪೂರಣ ತೋರಿಸಿದ ಮುಖ

ಬಸ್ಸಿನ ನೆತ್ತಿಯ ಮೇಲೆ ‘ಧಾರವಾಡ’ ಎಂದು ದಪ್ಪ ಅಕ್ಷರಗಳಲ್ಲಿ ಬರೆದಿತ್ತು. ನೀಲಾಂಬಿಕಾ ಅದನ್ನು ಕಣ್ಣಾರೆ ಓದಿ, ಓದಿದೆನಲ್ಲ ಎಂದು ಒಳಗೊಳಗೇ ಬೀಗಿ, ಯಾರನ್ನೂ ಕೇಳದೆ ಹತ್ತಿ ಕಿಟಕಿಯ ಪಕ್ಕ ಕೂತಿದ್ದಳು. ಹುಬ್ಬಳ್ಳಿ ದಾಟಿ ಬಹಳ ಹೊತ್ತಾದರೂ ಪರಿಚಯದ ತಿರುವುಗಳು ಬರಲಿಲ್ಲ. ಕಂಡಕ್ಟರ್ ಹತ್ತಿರ ಬಂದು, “ಕಲಘಟಗಿ ಏನ್ರೀ ಬಾಯಾರ?” ಎಂದ.

“ಧಾರವಾಡ ಬಸ್ಸಿನ್ಯಾಗ ಕುಂತು ಕಲಘಟಗಿಗೆ ಯಾಕ ಹೋಗ್ಲಿ?”

“ಇದು ಕಲಘಟಗಿ ಬಸ್ಸರೀ. ಹತ್ತೋ ಮುಂದ ಬೋರ್ಡ್ ನೋಡ್ಲಿಲ್ಲೇನು?”

“ನೋಡೇ ಹತ್ತೀನಪಾ!”

ಅವಳ ದನಿಗೆ ಮುಂದಿನ ಸೀಟಿನವರೂ ತಿರುಗಿದರು. ಹೈಸ್ಕೂಲಿನ ಮೈದಾನದಲ್ಲಿ ಹುಡುಗಿಯರನ್ನು ಸಾಲು ನಿಲ್ಲಿಸಿ ಪಳಗಿದ ದನಿ ಅದು, ಬಸ್ಸಿನೊಳಗೆ ಹಿಡಿಯುವಂಥದ್ದಲ್ಲ. ಕಂಡಕ್ಟರ್ ಪಾಪ, ವಾದ ಮಾಡದೆ ಸೀಟಿ ಊದಿ ಬಸ್ಸು ನಿಲ್ಲಿಸಿದ. ನಡುಮಧ್ಯಾಹ್ನದ ಬಿಸಿಲಲ್ಲಿ ಇಳಿದ ನೀಲಾಂಬಿಕಾ, ವಾಪಸು ಹೋಗುವ ಬಸ್ಸು ಯಾವುದೆಂದು ಅಲ್ಲಿ ನಿಂತಿದ್ದ ಹಾಲಿನವನೊಬ್ಬನನ್ನು ಕೇಳಬೇಕಾಯಿತು. ಕನ್ನಡಕ ಹಾಕುವ ಮೊದಲೂ ಹೀಗೇ ಕೇಳುತ್ತಿದ್ದಳು. ಆಗ ಕೇಳಲು ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಅವಳ ದೃಷ್ಟಿ ಹೋಗಿದ್ದು ನಡುವಿನಿಂದ. ಅಕ್ಷಿಪಟಲದ ನಟ್ಟನಡುವೆ, ನಾವು ನೇರವಾಗಿ ನೋಡಿದ್ದು ಬಂದು ಬೀಳುವ ಪುಟ್ಟ ಜಾಗ ಸವೆಯುತ್ತ ಬಂದು ಕೊನೆಗೆ ಪೂರ್ತಿ ಸತ್ತಿತ್ತು. ಯಾರ ಕಡೆ ನೋಡಿದರೂ ಮುಖವಿರಬೇಕಾದ ಕಡೆ ಬೂದಿಬಣ್ಣದ ಕಲೆ. ಸುತ್ತ ಕಿವಿ, ಕೂದಲು, ಹೆಗಲು. ಆಸ್ಪತ್ರೆಯಲ್ಲಿ ಅದಕ್ಕೆ ಔಷಧವಿಲ್ಲವೆಂದರು. ರೂಢಿ ಮಾಡಿಕೊಳ್ಳಬೇಕು ಎಂದರು. ಹೇಗೆ ರೂಢಿ ಮಾಡಿಕೊಳ್ಳುವುದು, ಯಾರು ಹೇಳಿಕೊಡುತ್ತಾರೆ ಎಂದು ಕೇಳಿದರೆ, ಮುಂದಿನ ರೋಗಿಯನ್ನು ಕೂಗಿದರು. ಶಾಲೆಯಲ್ಲಿ ಹುಡುಗಿಯೊಬ್ಬಳು ಬಿದ್ದು ಹಲ್ಲು ಮುರಿದುಕೊಂಡು ಎದುರಿಗೇ ಅಳುತ್ತ ನಿಂತಾಗ, “ಯಾಕ ಸಾಲು ಬಿಟ್ಟು ಬಂದಿ?” ಎಂದು ಗದರಿಸಿದ ದಿನವೇ ಅವಳು ಸ್ವಯಂ ನಿವೃತ್ತಿಗೆ ಬರೆದುಕೊಟ್ಟಳು.

ಹುಬ್ಬಳ್ಳಿಯ ದೃಷ್ಟಿ ಸಂಶೋಧನಾ ಕೇಂದ್ರದವರು ‘ಪೂರಣ’ ಎಂಬ ಸಾಧನದ ಪ್ರಯೋಗಕ್ಕೆ ಜನ ಹುಡುಕುತ್ತಿದ್ದಾರೆಂದು ಗೊತ್ತಾದದ್ದು ಆಮೇಲೆ. ಕನ್ನಡಕದ ನಡುವೆ ಒಂದು ಕ್ಯಾಮೆರಾ. ಸತ್ತ ಜಾಗದ ಅಡಿಯಲ್ಲಿ ಇಟ್ಟು ಹೊಲಿದ, ಸಾಸಿವೆಗಿಂತ ತೆಳ್ಳಗಿನ ಒಂದು ಎಲೆಕ್ಟ್ರಾನಿಕ್ ಚಿಪ್ಪು. ಸೊಂಟಕ್ಕೆ ಕಟ್ಟಿಕೊಳ್ಳುವ ಒಂದು ಪುಟ್ಟ ಗಣಕ. ಕ್ಯಾಮೆರಾ ಕಂಡದ್ದನ್ನು ಗಣಕವು ಚಿಪ್ಪಿಗೆ ಕಳಿಸುತ್ತದೆ, ಚಿಪ್ಪು ನರಕ್ಕೆ ಮುಟ್ಟಿಸುತ್ತದೆ. ತೊಡಕು ಒಂದೇ. ಚಿತ್ರವನ್ನೆಲ್ಲ ಕ್ಷಣಕ್ಷಣವೂ ಹೊಸದಾಗಿ ಕಳಿಸಿದರೆ ಚಿಪ್ಪು ಕಾದು ಕಣ್ಣನ್ನೇ ಸುಡುತ್ತದೆ. ಆದ್ದರಿಂದ ಪ್ರತಿ ಕ್ಷಣ ಕ್ಯಾಮೆರಾ ಕಂಡದ್ದರಲ್ಲಿ ಒಂದು ಚೂರು ಮಾತ್ರ ತಾಜಾ ಹೋಗುತ್ತಿತ್ತು. ಉಳಿದದ್ದನ್ನು ಗಣಕ ಹಿಂದೆ ನೋಡಿಟ್ಟುಕೊಂಡ ಚಿತ್ರಗಳಿಂದ ಊಹಿಸಿ ತುಂಬುತ್ತಿತ್ತು. ಅದಕ್ಕೇ ಆ ಹೆಸರು. ಮೊದಲ ದಿನವೇ ನೀಲಾಂಬಿಕಾಳ ಗಂಡ ಚಂದ್ರಮೌಳಿ, “ಪೂರಣ ಅಲ್ಲೇ, ಹೂರಣ. ಹೋಳಗ್ಯಾಗ ತುಂಬಿದಂಗ ತುಂಬತಾರ,” ಎಂದು ನಕ್ಕಿದ್ದ.

ಅವನು ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತನಾದವನು. ಗಣಕಕ್ಕೆ ಮನೆಯವರ ಮುಖ ಪರಿಚಯ ಮಾಡಿಸಬೇಕೆಂದಾಗ, ದಿನವೂ ಕ್ಷೌರ ಮಾಡಿಕೊಂಡು, ಇಸ್ತ್ರಿ ಅಂಗಿ ತೊಟ್ಟು, ಹೆಂಡತಿಯ ಕನ್ನಡಕದ ಮುಂದೆ ಬಾಯಿತುಂಬ ನಗುತ್ತ ಕೂತಿದ್ದ. ಶಸ್ತ್ರಚಿಕಿತ್ಸೆಯಾಗಿ ಪಟ್ಟಿ ಬಿಚ್ಚಿದಾಗ ನೀಲಾಂಬಿಕಾ ಮೊದಲು ಕಂಡದ್ದು ಆ ನಗು. ಅವಳು ಜೋರಾಗಿ ಅತ್ತುಬಿಟ್ಟಿದ್ದಳು.

ಅಳು ಬಹಳ ದಿನ ಉಳಿಯಲಿಲ್ಲ, ಬೇಸರ ಶುರುವಾಯಿತು. ಸಂತೆಯಲ್ಲಿ ಆರಿಸಿ ತಂದ ಕೆಂಪು ಟೊಮೆಟೊ ಮನೆಗೆ ಬಂದು ಹೆಚ್ಚುವಾಗ ಕೈಯಲ್ಲಿ ಪಿಚ್ಚನೆ ಒಡೆಯುತ್ತಿತ್ತು. ಲಗ್ನಪತ್ರಿಕೆಯಲ್ಲಿ ಒಂದು ಹೆಸರು ಓದಿ ಹೋದರೆ ಮಂಟಪದಲ್ಲಿ ಬೇರೆ ಮದುಮಗಳು. ಈಗ ಈ ಬಸ್ಸು.

“ಬಸ್‌ಸ್ಟ್ಯಾಂಡಿನ ಆ ಜಾಗದಾಗ ನೀವು ಯಾವಾಗ್ಲೂ ಧಾರವಾಡ ಬಸ್ಸೇ ಹತ್ತಿದ್ರಲ್ಲ ಟೀಚರ್, ಅದಕ್ಕ ಗಣಕ ಹಂಗ ತಿಳಕೊಂಡದ,” ಎಂದರು ಡಾ. ಮುಮ್ತಾಜ್ ನದಾಫ್. ಪೂರಣದ ತಂಡದ ಮುಖ್ಯಸ್ಥೆ ಅವರು. ವಯಸ್ಸಿನಲ್ಲಿ ನೀಲಾಂಬಿಕಾಳಿಗಿಂತ ಚಿಕ್ಕವರು, ಯಾವಾಗಲೂ ಅವಸರದಲ್ಲಿರುವವರು. ಆದರೂ ಎದುರಿಗೆ ಕೂತವರ ಮಾತು ಮುಗಿಯುವವರೆಗೆ ಕಾಯುವ ಒಳ್ಳೆಯ ಗುಣ ಅವರಿಗಿತ್ತು.

“ಅದು ತಿಳಕೊಂಡ್ರ ಸಾಕೇನ್ರಿ? ಬೋರ್ಡಿನ ಮ್ಯಾಲೆ ಏನೈತಿ ಅನ್ನೋದು ಬ್ಯಾಡೇನು?”

“ಹಂಗಾಗೋದು ಭಾಳ ಕಡಿಮಿ. ಪರೀಕ್ಷೆದಾಗ ನಿಮ್ಮ ಅಂಕ ಎಲ್ಲಾರಿಗಿಂತ ಚಲೋ ಅವ. ನೂರಕ್ಕ ತೊಂಬತ್ತಾರು ಮುಖ ಸರಿ ಗುರುತಿಸೀರಿ.”

“ಪರೀಕ್ಷೆದಾಗ ನೀವು ತೋರಿಸೋದು ಅದಕ್ಕ ಗೊತ್ತಿದ್ದ ಮಾರೀನ ಅಲ್ರಿ ಡಾಕ್ಟರ?”

ಡಾಕ್ಟರು ಅದಕ್ಕೆ ಉತ್ತರಿಸುವಷ್ಟರಲ್ಲಿ ಯಾರೋ ಬಂದು ಕರೆದರು. ಹೋಗುವ ಮುನ್ನ, ದೂರನ್ನು ದಾಖಲಿಸಿಕೊಂಡಿದ್ದೇವೆ ಎಂದರು. ನೀಲಾಂಬಿಕಾಳಿಗೆ ಮೈಯೆಲ್ಲ ಉರಿಯಿತು. ಅವಳ ದೂರುಗಳೆಲ್ಲ ದಾಖಲಾಗುತ್ತಿದ್ದವು. ಟೊಮೆಟೊ ದಾಖಲಾಗಿತ್ತು, ಮದುಮಗಳು ದಾಖಲಾಗಿದ್ದಳು.

ಅದಾಗಿ ಕೆಲವು ವಾರಗಳ ನಂತರದ ಒಂದು ಬೆಳಿಗ್ಗೆ. ನೀಲಾಂಬಿಕಾ ಹಿತ್ತಿಲಲ್ಲಿ ಬಟ್ಟೆ ಹಿಂಡುತ್ತಿದ್ದಳು. ಚಂದ್ರಮೌಳಿ ಚಹಾದ ಕಪ್ಪು ಹಿಡಿದು ಹಿತ್ತಿಲ ಬಾಗಿಲಿಗೆ ಬಂದು ನಿಂತು ಏನೋ ಅಂದ. ಮಾತು ತಿಳಿಯಲಿಲ್ಲ. ಬಾಯಲ್ಲಿ ಅಡಿಕೆ ಇಟ್ಟುಕೊಂಡು ಮಾತಾಡುವುದು ಅವನ ಹಳೆಯ ಚಾಳಿ.

“ಮೊದ್ಲ ಬಾಯಾಗಿಂದು ಉಗುಳಿ ಬರ್ರಿ. ಏನಂತೀರೋ ದೇವ್ರಿಗೇ ಗೊತ್ತು.”

ಅವನು ಮತ್ತೆ ಏನೋ ಅಂದ. ಅವಳು ತಿರುಗಿ ನೋಡಿದಳು. ಕ್ಷೌರ ಮಾಡಿದ ನುಣ್ಣನೆ ಮುಖ, ಬಾಯಿತುಂಬ ನಗು. ಚೇಷ್ಟೆ ಮಾಡುತ್ತಿದ್ದಾನೆ ಎಂದುಕೊಂಡು ಮತ್ತೆ ಬಟ್ಟೆಗೆ ಬಗ್ಗಿದಳು. ಅಂಗಿ ಹಿಂಡಿದಳು, ಸೀರೆ ಹಿಂಡಿ ಹಗ್ಗಕ್ಕೆ ಹಾಕಿ ಅಂಚು ಎಳೆದು ಸರಿಮಾಡಿದಳು. ಆಗ ಕಪ್ಪು ಬಿದ್ದು ಒಡೆದ ಸದ್ದಾಯಿತು. ಅದರ ಹಿಂದೆಯೇ ಅವನು ಬಾಗಿಲ ಚೌಕಟ್ಟಿಗೆ ಜಾರಿ ಕೂತ ಸದ್ದು.

ಗೋಡೆಯಾಚೆಯಿಂದ ಇಣುಕಿದ ಪಕ್ಕದ ಮನೆಯ ಸುಲೋಚನಾಬಾಯಿ ಚೀರಿಕೊಂಡರು. “ಅಯ್ಯ, ಟೀಚರ! ಸರ್ ಅವ್ರ ಬಾಯಿ ಸೊಟ್ಟ ಆಗೇತಲ್ರೀ! ನೋಡ್ರಿ, ಮಾರಿ ಒಂದ್ ಬಾಜೂ ಜೋತು ಬಿದ್ದೈತಿ!”

ನೀಲಾಂಬಿಕಾ ಗಂಡನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಅವನು ನಗುತ್ತಿದ್ದ. ಬಾಯಿ ನೆಟ್ಟಗಿತ್ತು. ಅವಳ ಎಡಗೈ ಹೆಬ್ಬೆರಳಿಗೆ ಮಾತ್ರ ಅವನ ತುಟಿಯಂಚಿನಿಂದ ಸುರಿಯುತ್ತಿದ್ದ ಬೆಚ್ಚನೆಯ ಜೊಲ್ಲು ತಾಗಿತು.

ಮೆದುಳಿನ ರಕ್ತನಾಳ ಕಟ್ಟಿಕೊಂಡಿದೆ ಎಂದರು ಆಸ್ಪತ್ರೆಯಲ್ಲಿ. ಜೀವಕ್ಕೆ ಅಪಾಯವಿಲ್ಲ, ಬಲಗೈ ಮತ್ತು ಮಾತು ಎಷ್ಟರಮಟ್ಟಿಗೆ ಮರಳುತ್ತವೆ ನೋಡಬೇಕು. “ಸ್ವಲ್ಪ ಮೊದ್ಲ ಕರ್ಕೊಂಡು ಬಂದಿದ್ರ ಚಲೋ ಆಗ್ತಿತ್ತು,” ಎಂದ ಯುವ ವೈದ್ಯನಿಗೆ ಅದು ಯಾರಿಗೆ ಹೇಗೆ ನಾಟುತ್ತದೆ ಎಂದು ತಿಳಿಯುವ ಕಾರಣವಿರಲಿಲ್ಲ. ವಾರ್ಡಿನಲ್ಲಿ ಅವಳು ಅವನ ಹಾಸಿಗೆಯ ಪಕ್ಕ ಕೂತಳು. ನರ್ಸು ಬಂದು ಬಾಯಿ ಒರೆಸುತ್ತಿದ್ದಳು, ಕೊಳವೆ ಸರಿಮಾಡುತ್ತಿದ್ದಳು. ಆ ಕೊಳವೆಗಳ ನಡುವೆ ಚಂದ್ರಮೌಳಿ ಇಸ್ತ್ರಿ ಅಂಗಿ ತೊಟ್ಟ ದಿನದ ಹಾಗೆ ನಗುತ್ತಲೇ ಮಲಗಿದ್ದ. ಎರಡು ದಿನ ಸಹಿಸಿದಳು. ಮೂರನೆಯ ದಿನ ಕನ್ನಡಕ ಕಿತ್ತು ಚೀಲಕ್ಕೆ ಹಾಕಿ, ಹುಬ್ಬಳ್ಳಿಯ ಬಸ್ಸು ಯಾವುದೆಂದು ನಾಲ್ಕು ಜನರನ್ನು ಕೇಳಿಕೊಂಡು ಸಂಶೋಧನಾ ಕೇಂದ್ರಕ್ಕೆ ಹೋದಳು.

“ಅವತ್ತು ಮುಂಜಾನೆ ನನಗ ಏನ್ ತೋರ್ಸೇತಿ ನಿಮ್ಮ ಯಂತ್ರ, ಪರದೆ ಮ್ಯಾಲೆ ಹಾಕ್ರಿ.”

ಡಾ. ನದಾಫ್ ಕೈಚಾಚಿ ಅವಳ ಗಣಕ ತೆಗೆದುಕೊಂಡರು. ಗಣಕದಲ್ಲಿ ಉಳಿದಿದ್ದ ದೃಶ್ಯವನ್ನು ತೆಗೆದು ಎರಡು ಪರದೆಗಳಿಗೆ ಹಾಕಿದರು. ಎಡಗಡೆಯದರಲ್ಲಿ ಕ್ಯಾಮೆರಾ ಕಂಡದ್ದು. ಬಲಗಡೆಯದರಲ್ಲಿ ಚಿಪ್ಪಿಗೆ ಕಳಿಸಿದ್ದು. ನೀಲಾಂಬಿಕಾ ಎಡ ಪರದೆಯ ಕಡೆ ನೇರ ನೋಡಿದಳು. ಬೂದಿಬಣ್ಣದ ಕಲೆ. ನಿಧಾನವಾಗಿ ಕಣ್ಣನ್ನು ಪರದೆಯ ಮೇಲಂಚಿಗೆ ಸರಿಸಿದಳು. ಕಲೆಯೂ ಜೊತೆಗೆ ಸರಿಯಿತು; ಅದರ ಕೆಳಗಿನಿಂದ, ಮಂಜುಮಂಜಾಗಿ, ಗಂಡನ ಮುಖ ಮೇಲೆದ್ದು ಬಂತು. ಬಾಯಿಯ ಬಲಭಾಗ ಬಿಚ್ಚಿದ ಗಂಟಿನ ಹಾಗೆ ಇಳಿದಿತ್ತು. ಹೇಳಬೇಕಾದದ್ದನ್ನು ಹೇಳಲಾಗದೆ ಅವನ ತುಟಿಗಳು ಒದ್ದಾಡುತ್ತಿದ್ದವು. ಅವನು ಹೆದರಿದ್ದ. ಅವಳನ್ನೇ ನೋಡುತ್ತಿದ್ದ.

ಬಲಗಡೆಯ ಪರದೆಯಲ್ಲಿ ಏನಿತ್ತು ಎಂದು ಅವಳು ನೋಡಲು ಹೋಗಲಿಲ್ಲ. ಅವಳಿಗೆ ಗೊತ್ತಿತ್ತು.

ಡಾಕ್ಟರು ಪರದೆಯ ಮೂಲೆಗೆ ಬೆರಳಿಟ್ಟರು. “ಇಲ್ಲಿ ನೋಡ್ರಿ… ಅಲ್ಲ, ಕೇಳ್ರಿ ಟೀಚರ್. ಗಣಕಕ್ಕ ಆವಾಗ ಅನುಮಾನ ಬಂದಿತ್ತು. ತಾಜಾ ಬಂದ ಚೂರಿಗೂ ತನ್ನ ಊಹೆಗೂ ತಾಳೆ ಆಗ್ತಿಲ್ಲ ಅಂತ ಒಳಗ ಬರಕೊಂಡದ.”

“ಬಂದಿತ್ತಾ? ಬಂದಿದ್ರ ನನಗ್ಯಾಕ ಹೇಳ್ಲಿಲ್ಲ?”

“ಹೇಳಬ್ಯಾಡ ಅಂತ ನಾವೇ ಕಲಿಸೀವಿ. ಅನುಮಾನ ಬಂದಾಗೆಲ್ಲ ಚಿತ್ರ ಮಿಣುಕಿದ್ರ ರೋಗಿಗೆ ತಲಿ ತಿರುಗ್ತದ, ಕನ್ನಡಕ ತಗದು ಇಡತಾರ ಅಂತ. ಚಿತ್ರ ಚಂದ ಇರಬೇಕು ಅಂತ…” ಅವರ ದನಿ ಇಳಿಯಿತು. “ಎಲ್ಲಾರ ಮೆದುಳೂ ಒಂದಿಷ್ಟು ಹಿಂಗ ತುಂಬತದರಿ. ನಾವು ಅದನ್ನೇ…”

“ನನ್ನ ಮೆದುಳು ತಪ್ಪು ಮಾಡಿದ್ರ ಅದು ನಂದು. ಇದು ನಿಮ್ಮದು,” ಎಂದಳು ನೀಲಾಂಬಿಕಾ. “ಕಾಣಲಾರದ್ದು ಕಾಣಲಿಲ್ಲ ಅಂತ ಇರ್ಲಿ. ಬೂದಿ ಇದ್ರ ಬೂದೀನ ಇರ್ಲಿ. ನನಗ ನೀವು ಚಿತ್ರ ಬರದು ಕೊಡಬ್ಯಾಡ್ರಿ.”

ಡಾ. ನದಾಫ್ ಕೆಲಸ ಶುರುಮಾಡಿದರು. ಗಣಕಕ್ಕೆ ಖಾತ್ರಿಯಿದ್ದ ಚೂರು ಮಾತ್ರ ಬಣ್ಣದಲ್ಲಿ ಕಾಣಬೇಕು. ಊಹೆ ಮಾಡಿದ್ದೆಲ್ಲ ಪೆನ್ಸಿಲಿನಲ್ಲಿ ಗೀಚಿದ ಹಾಗೆ ಮಸುಕು ಗೆರೆಯಾಗಿರಬೇಕು. ಊಹೆಗೂ ತಾಜಾ ಚೂರಿಗೂ ಜಗಳ ಬಂದರೆ ಗೆರೆಯೂ ಅಳಿಸಿಹೋಗಬೇಕು. ಇದನ್ನು ಪ್ರಯೋಗದಲ್ಲಿದ್ದ ಎಲ್ಲರ ಮುಂದೆ ಹೇಳಲು ಒಂದು ಸಭೆ ಕರೆದರು. ತನ್ನ ಕತೆ ಕೇಳಿದ ಮೇಲೆ ಎಲ್ಲರೂ ಹೂಂ ಅನ್ನುತ್ತಾರೆ ಎಂದು ನೀಲಾಂಬಿಕಾ ನಂಬಿದ್ದಳು. ಆದರೆ ಪೂರಣ ಹಾಕಿಸಿಕೊಂಡಿದ್ದ ರೋಣದ ಹನುಮಂತರಾವ್ ದೇಸಾಯರು ಎದ್ದು ನಿಂತರು. ವಯಸ್ಸಾದವರು, ಗಣಕಕ್ಕೆ ಮುಖ ಪರಿಚಯ ಮಾಡಿಸಿದ್ದ ಅವರ ಮಗಳು ಕಳೆದ ವರ್ಷ ತೀರಿಕೊಂಡಿದ್ದಳು.

“ನನಗದು ಬ್ಯಾಡ್ರಿ,” ಎಂದರು. “ಮೊಮ್ಮಗಳ ಮಾರಿ ನೋಡಿದಾಗ ಒಮ್ಮೊಮ್ಮೆ ಅದು ನನ್ನ ಮಗಳ ಮಾರಿ ತುಂಬತೈತಿ. ತಪ್ಪು ಅಂತ ನನಗ ಗೊತ್ತೈತಿ. ಇರ್ಲಿ ಬಿಡ್ರಿ ಆ ತಪ್ಪು.”

“ಆ ಹುಡುಗಿ ಅಳಾಕತ್ತಿದ್ರೂ ನಿಮಗ ಗೊತ್ತಾಗಂಗಿಲ್ರಿ ದೇಸಾಯರ!” ನೀಲಾಂಬಿಕಾಳ ದನಿ ಏರಿತು.

“ಅಳೋದು ಕಿವೀಗೆ ಕೇಳತೈತಿ ತಂಗಿ. ನನ್ನ ಮಗಳ ಮಾರಿ ಕಿವೀಗೆ ಎಲ್ಲಿ ಕೇಳತೈತಿ?”

ನೀಲಾಂಬಿಕಾಳ ಸಿಟ್ಟು ಇಳಿಯಲಿಲ್ಲ. ಆದರೂ ಸಭೆ ಮುಗಿದು ಹೊರಗೆ ಬರುವಾಗ ಮೆಟ್ಟಿಲು ಇಳಿಯಲು ಅವಳು ದೇಸಾಯರಿಗೆ ಕೈಯಾಸರೆ ಕೊಟ್ಟಳು. ಕೊನೆಗೆ, ಎರಡೂ ಬಗೆಯ ನೋಟ ಸಾಧನದಲ್ಲಿ ಇರಲಿ, ಹಾಕಿಕೊಳ್ಳುವವರೇ ಆರಿಸಿಕೊಳ್ಳಲಿ ಎಂದು ಡಾಕ್ಟರು ತೀರ್ಮಾನಿಸಿದರು.

ಹೊಸ ನೋಟದಲ್ಲಿ ನೀಲಾಂಬಿಕಾಳಿಗೆ ಪರೀಕ್ಷೆ ನಡೆಯಿತು. ಒಂದಾದಮೇಲೊಂದು ಮುಖ, ಅಕ್ಷರ, ಬೋರ್ಡು. “ಗೊತ್ತಿಲ್ಲ,” ಎಂದಳು. “ಗೊತ್ತಿಲ್ಲ. ಇದು ನಮ್ಮ ಶಾಲಿ ಮುಖ್ಯೋಪಾಧ್ಯಾಯರದು. ಗೊತ್ತಿಲ್ಲ.” ಹೇಳಿದ್ದರಲ್ಲಿ ಒಂದೂ ತಪ್ಪಿರಲಿಲ್ಲ. ಆದರೆ ಪ್ರಯೋಗವನ್ನು ಪರಿಶೀಲಿಸಲು ಹೊರಗಿನಿಂದ ಬಂದಿದ್ದ ತಜ್ಞರ ಸಮಿತಿಯ ಲೆಕ್ಕದಲ್ಲಿ ‘ಗೊತ್ತಿಲ್ಲ’ ಮತ್ತು ‘ತಪ್ಪು’ ಎರಡಕ್ಕೂ ಸೊನ್ನೆಯೇ. ಅಂಕ ಅರ್ಧಕ್ಕರ್ಧ ಕುಸಿಯಿತು.

“ಸಾಧನ ಹಿಂದಕ್ಕೆ ಹೋಗಿದೆಯಲ್ಲ,” ಎಂದರು ಸಮಿತಿಯ ಹಿರಿಯರೊಬ್ಬರು ಮೃದುವಾಗಿ.

“ಸಾಧನ ಹಿಂದಕ್ಕ ಹೋಗಿಲ್ಲ ಸರ್,” ಎಂದರು ಡಾ. ನದಾಫ್. “ಮೊದ್ಲ ನಾವು ಮುಂದಕ್ಕ ಹೋಗಿದ್ದೇ ಸುಳ್ಳು. ಅಳತೀನೇ ತಪ್ಪಿತ್ತು. ತಪ್ಪು ನೋಡಿದ್ದಕ್ಕೂ ನೋಡದೇ ಇದ್ದದ್ದಕ್ಕೂ ಒಂದೇ ಅಂಕ ಕೊಟ್ರ, ಯಾವ ಗಣಕಾನೂ ಸುಳ್ಳು ಹೇಳೋದನ್ನೇ ಕಲೀತದ.”

ಸಮಿತಿ ಸಿಟ್ಟಾಗಲಿಲ್ಲ, ಒಪ್ಪಲೂ ಇಲ್ಲ. ಅಳತೆಯನ್ನು ಪರಿಶೀಲಿಸಬಹುದು, ಆದರೆ ಅಲ್ಲಿಯವರೆಗೆ ಪ್ರಯೋಗದ ಮುಂದಿನ ಹಂತ ನಿಲ್ಲಲಿ, ಹೊಸಬರನ್ನು ಸೇರಿಸಿಕೊಳ್ಳುವುದು ಬೇಡ ಎಂದರು. ಹೊರಗಿನ ಬೆಂಚಿನಲ್ಲಿ ಸರದಿಗಾಗಿ ಕಾಯುತ್ತಿದ್ದವರನ್ನು ಮನೆಗೆ ಕಳಿಸುವ ಕೆಲಸ ಡಾಕ್ಟರಿಗೇ ಬಿತ್ತು. ನೀಲಾಂಬಿಕಾ ಅದನ್ನು ಕೇಳಿಸಿಕೊಂಡು ನಿಂತಳು. ಇನ್ನೆಷ್ಟು ದಿನ ಎಂದು ಒಬ್ಬಾಕೆ ಕೇಳುತ್ತಿದ್ದಳು. ಅಲ್ಲಿತನಕ ಏನು ಮಾಡಲಿ ಎಂದು ಇನ್ನೊಬ್ಬ. ಹಿಂದೆ ಆಸ್ಪತ್ರೆಯಲ್ಲಿ ನೀಲಾಂಬಿಕಾ ಕೇಳಿದ್ದೂ ಇದನ್ನೇ.

“ಎಲ್ಲಾರೂ ಅಲ್ಲೇ ನಿಂದರ್ರಿ!” ಎಂದಳು ನೀಲಾಂಬಿಕಾ. ಹೊರಟವರೆಲ್ಲ ತಿರುಗಿದರು. “ನಡುವ ಕಾಣಂಗಿಲ್ಲ ಅಷ್ಟ ಅಲ್ಲ? ಬಾಜೂಕ ಕಾಣತೈತಿ. ನಿಮ್ಮ ಎದುರಿಗಿನವರ ಮಾರಿ ನೋಡಬ್ಯಾಡ್ರಿ, ನೆತ್ತಿ ಮ್ಯಾಲೆ ನೋಡ್ರಿ. ಇನ್ನೂ ಮ್ಯಾಲೆ. ಹಾಂ. ಈಗ ಹೇಳ್ರಿ, ಏನು ಕಾಣತೈತಿ?”

ಇನ್ನೆಷ್ಟು ದಿನ ಎಂದು ಕೇಳಿದ್ದ ಹೆಂಗಸು ಎದುರಿಗಿದ್ದವಳ ನೆತ್ತಿಯ ಮೇಲೆ ಕಣ್ಣಿಟ್ಟು, “ಮೂಗುತಿ,” ಎಂದಳು.

ಆ ನಂತರ ಶನಿವಾರ ಶನಿವಾರ ಕೇಂದ್ರದ ಅಂಗಳದಲ್ಲಿ ನೀಲಾಂಬಿಕಾಳ ಕವಾಯತು ನಡೆಯತೊಡಗಿತು. ಅದರಿಂದ ಯಾರಿಗೂ ಹೋದ ದೃಷ್ಟಿ ಮರಳಲಿಲ್ಲ. ಆದರೆ ಉಳಿದದ್ದನ್ನು ಹೇಗೆ ಬಳಸುವುದೆಂದು ಹೇಳಿಕೊಡುವವರೊಬ್ಬರು ಸಿಕ್ಕಿದ್ದರು. ಆಕೆ ಬೈಯುತ್ತಾಳೆ ಎಂದು ಜನ ಗೊಣಗುತ್ತಲೇ ಬರುತ್ತಿದ್ದರು.

ಮನೆಯಲ್ಲಿ ಬೈಸಿಕೊಳ್ಳುವವನು ಚಂದ್ರಮೌಳಿ ಒಬ್ಬನೇ. ಅವನ ನಾಲಿಗೆ ಅರ್ಧ ಮರಳಿತ್ತು. ಕೈ ಇನ್ನೂ ಪೂರ್ತಿ ಎತ್ತುವಂತಿರಲಿಲ್ಲ. ದಿನಾ ಬೆಳಿಗ್ಗೆ ಪಡಸಾಲೆಯಲ್ಲಿ ಕುರ್ಚಿ ಹಾಕಿ ಕೂರಿಸಿ ಅವಳು ಅವನಿಗೆ ವ್ಯಾಯಾಮ ಮಾಡಿಸುತ್ತಿದ್ದಳು. ಹೊಸ ನೋಟದ ಪೂರಣ ಹಾಕಿಕೊಂಡೇ ಮಾಡಿಸುತ್ತಿದ್ದಳು. ಅದರಲ್ಲಿ ಅವನ ಮುಖ ಹೆಚ್ಚುಪಾಲು ಏನೂ ಇಲ್ಲದ ಬಯಲು. ಹಳೆಯ ನಗುವನ್ನು ಅಲ್ಲಿ ಕೂರಿಸುವ ಧೈರ್ಯ ಗಣಕಕ್ಕೆ ಈಗ ಇರಲಿಲ್ಲ. ಎಲ್ಲೋ ಒಂದು ಚೂರು ಗದ್ದ, ಇನ್ನೊಂದು ಗಳಿಗೆಗೆ ಒಂದು ಚೂರು ಹಣೆ, ಬಣ್ಣದಲ್ಲಿ ಮಿಂಚಿ ಹೋಗುತ್ತಿತ್ತು.

“ಮ್ಯಾಲೆ ಎತ್ರಿ. ಇನ್ನಷ್ಟ. ಮೊಣಕೈ ಮಡಚಬ್ಯಾಡ್ರಿ. ನಿನ್ನೆ ಇದಕ್ಕಿಂತ ಚಲೋ ಎತ್ತಿದ್ರಿ, ಇವತ್ತೇನಾಗೇತಿ?”

ಕೈ ದೊಪ್ಪೆಂದು ತೊಡೆಯ ಮೇಲೆ ಬಿತ್ತು. ಅವಳು ಬೈಯಲೆಂದು ಅವನತ್ತ ತಿರುಗಿದಳು. ಆ ಬಯಲಿನ ನಡುವೆ ಎರಡು ಹುಬ್ಬು ಕಂಡವು; ಒಂದಕ್ಕೊಂದು ಹತ್ತಿರ ಬಂದು ಬಿಗಿದಿದ್ದವು. ಅವು ಅಳಿದು, ಕಚ್ಚಿ ಹಿಡಿದ ದವಡೆಯ ಒಂದು ಚೂರು ಬಂತು. ಆಮೇಲೆ ಒಂದು ಕಣ್ಣು. ನೀಲಾಂಬಿಕಾ ಚೂರುಗಳನ್ನು ಮನಸ್ಸಿನಲ್ಲಿ ತಾನೇ ಜೋಡಿಸಿಕೊಂಡಳು.

“ಅಯ್ಯ, ಸಿಟ್ಟಿಗೆದ್ದೀರೇನ್ರಿ?”

“ಈಗ… ಕಂಡ್ತಾ?” ಎಂದ ಚಂದ್ರಮೌಳಿ, ಒಂದೊಂದು ಮಾತನ್ನೂ ತಳ್ಳಿ ತಳ್ಳಿ.

“ಎಷ್ಟೊತ್ತಿನಿಂದ?”

“ಹೊತ್ತಲ್ಲ. ಆ ಕನ್ನಡಕಾ… ಬಂದಾಗಿಂದ. ನಾ ಮಾರಿ ಗಂಟ್ ಹಾಕ್ಕೊಂಡು… ಕುಂತ್ರೂ ನೀ… ‘ಭಾಳ ಖುಷಿ ಇದ್ದೀರಲ್ರೀ’ ಅಂತಿದ್ದಿ. ಏನ್… ಹೇಳಬೇಕು ನಿನಗ?”

ಅವಳಿಗೆ ನಗು ಬಂತು. ಪಡಸಾಲೆ ತುಂಬುವಂತೆ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ಅವನ ಹುಬ್ಬು ಇನ್ನಷ್ಟು ಬಿಗಿಯಿತು, ಅದೂ ಕಂಡಿತು. ಇನ್ನೊಂದು ಕುರ್ಚಿ ಎಳೆದುಕೊಂಡು ಅವನ ಮೊಣಕಾಲಿಗೆ ತನ್ನ ಮೊಣಕಾಲು ತಾಗುವಂತೆ ಕೂತಳು.

“ಹೇಳ್ರಿ. ಏನೇನು ಸಿಟ್ಟೈತಿ, ಎಲ್ಲಾ ಹೇಳ್ರಿ. ನಾ ನಡುವ ಬಾಯಿ ಹಾಕಂಗಿಲ್ಲ.”

ಅವನು ನಂಬಲಿಲ್ಲ. ಆದರೂ ಶುರುಮಾಡಿದ. ದಿನಾ ಉಪ್ಪಿಟ್ಟು ಮಾಡುವುದು. ಬಂದವರ ಮುಂದೆಲ್ಲ ಅವನ ರೋಗದ ಕತೆ ಹೇಳುವುದು. ಅವನ ಪುಸ್ತಕಗಳನ್ನು ಕೇಳದೆ ಅಟ್ಟಕ್ಕೆ ಏರಿಸಿದ್ದು. ಮಗುವಿನ ಹಾಗೆ ಮೀಸೆ ಒರೆಸುವುದು. ಒಂದೊಂದು ದೂರಿಗೂ ಬಹಳ ಹೊತ್ತು ಹಿಡಿಯಿತು. ಅವಳು ಬಾಯಿ ಹಾಕಲಿಲ್ಲ. ಉಪ್ಪಿಟ್ಟಿನ ವಿಷಯದಲ್ಲಿ ಹೇಳಬೇಕಾದ್ದು ಬೇಕಾದಷ್ಟಿತ್ತು. ತುಟಿ ಕಚ್ಚಿ ಹಿಡಿದಳು.

ಅವನ ಕೆಳದುಟಿಯ ಸರಿಯಿದ್ದ ಭಾಗ ಅವಳಿಗೆ ಕಂಡಿತು, ಅದುರುತ್ತಿತ್ತು.

“ಭಾಳ… ಹೆದರಿಕಿ ಆಗತೈತಿ, ನೀಲಾ.”

ಅವಳು ಅವನ ಸೋತ ಕೈಯನ್ನು ಎತ್ತಿ ತನ್ನ ಮಡಿಲಲ್ಲಿಟ್ಟುಕೊಂಡಳು.

“ನನಗೂ ರೀ,” ಎಂದಳು. “ಮುಂದ ಹೇಳ್ರಿ.”